ಹನ್ನೆರಡನೆಯ ಸ್ಲೈಡು

ಗರ್ಭಕೋಶಕ್ಕೆ ಒಂದು ಬಾಯಿ ಇರುತ್ತದೆ ಎಂದು ನಾನು ಜಗಲಿಯ ಮೇಲೆ ಕೂತು ವಿವರಿಸಿದ ದಿನ, ನಮ್ಮ ಮನೆಯ ಓನರ್ ಅಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಅದುಕ್ಕೂ ಬಾಯೈತಾ? ಸದ್ಯ, ಮಾತಾಡಾಕಿಲ್ವಲ್ಲ! ಮಾತಾಡಂಗಿದ್ರೆ ಈ ಊರ್‌ನಾಗೆ ಒಬ್ಬ ಗಂಡಸ್ಗೂ ಮಾನ ಉಳೀತಿರ್ಲಿಲ್ಲ."

ಜಗಲಿ ತುಂಬ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ನಗಲಿಲ್ಲ. ಧಾರವಾಡದ ಕಡೆಯಿಂದ ಬಂದ ಇಪ್ಪತ್ತಾರರ ಹೆಣ್ಣು, ಹೆಗಲಿಗೆ ಹೊಸ ಕೆಲಸದ ಹೊಸ ಚೀಲ, ಮುಖದಲ್ಲಿ ಇಡೀ ಹೆಣ್ಣುಕುಲವನ್ನು ಉದ್ಧಾರ ಮಾಡಿಯೇ ತೀರುವ ಗಾಂಭೀರ್ಯ. ಈಗ ನೆನೆಸಿಕೊಂಡರೆ ಆ ಹುಡುಗಿಯ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮನೆಯವರಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ನನಗೆ ಯಲಹಂಕದ ಒಂದು ಸಣ್ಣ ದವಾಖಾನೆಯ ಪರವಾಗಿ ಊರೂರು ತಿರುಗಿ ಹೆಂಗಸರ ಆರೋಗ್ಯ ವಿಚಾರಿಸುವ ಕೆಲಸ. ಯಾರ ಕೆಲಸಕ್ಕೆ ಹತ್ತಿರವಾಗಿ ಮನೆ ಮಾಡಬೇಕು ಎಂದು ಇಬ್ಬರೂ ಒಂದು ತಿಂಗಳು ಜಗಳವಾಡಿ, ಕೊನೆಗೆ ನಾನು ಗೆದ್ದು, ಚಿಕ್ಕಜಾಲದ ಹತ್ತಿರದ ಒಂದು ಹಳ್ಳಿಯಲ್ಲಿ ದ್ರಾಕ್ಷಿ ತೋಟದವರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆ ಹಿಡಿದಿದ್ದೆವು. ಸೋತವರು ದಿನವೂ ಎರಡು ಬಸ್ಸು ಬದಲಾಯಿಸಿ ಕಾರ್ಖಾನೆಗೆ ಹೋಗುತ್ತಿದ್ದರು, ಮತ್ತು ದಿನವೂ ಅದನ್ನು ನನಗೆ ನೆನಪಿಸುತ್ತಿದ್ದರು.

ಓನರ್ ಅಮ್ಮನಿಗೆ ಆಗ ಐವತ್ತರ ಹತ್ತಿರ. ಐದು ಮಕ್ಕಳು, ಎರಡು ಎಕರೆ ನೀಲಿ ದ್ರಾಕ್ಷಿ, ನಾಲ್ಕು ಬೀದಿಗೆ ಕೇಳುವ ಗಂಟಲು. ನನ್ನ ಮಾತು ಅವರಿಗೆ ದೊಡ್ಡ ತಮಾಷೆ. ನಾನು "ಹೌದ್ರಿ ಅಮ್ಮಾರ" ಎಂದರೆ ಸಾಕು, ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿ ಕರೆದು, "ಇನ್ನೊಂದ್ ಸಲ ಏಳವ್ವ, ಇವ್ಳು ಕೇಳ್ಲಿ" ಎನ್ನುತ್ತಿದ್ದರು. ಅವರು ಹೋಗ್ತೀನಿ ಎನ್ನುವುದಕ್ಕೆ "ಓಗ್ತೀನಿ" ಎಂದಾಗ ನಾನು ನಗುತ್ತಿದ್ದುದು ಮನಸ್ಸಿನಲ್ಲಿ ಮಾತ್ರ. ಸಂಜೆಯಾದರೆ ಅವರ ಮನೆಯಿಂದ ನಮ್ಮ ಮನೆಗೆ ಒಂದು ಬಟ್ಟಲು ಸಾರು ಬರಲೇಬೇಕು. ಬಟ್ಟಲು ಖಾಲಿ ವಾಪಸು ಕೊಡಬಾರದೆಂದು ನಾನು ಶೇಂಗಾ ಚಟ್ನಿಪುಡಿ ಹಾಕಿ ಕಳಿಸುತ್ತಿದ್ದೆ. ಸಂಬಂಧ ಬೆಳೆದದ್ದು ಹಾಗೆ.

ನಮ್ಮ ದವಾಖಾನೆಯ ಲೇಡಿ ಡಾಕ್ಟರು ಆ ವರ್ಷ ಹೊಸದೊಂದು ಪರೀಕ್ಷೆ ಶುರು ಮಾಡಿದ್ದರು. ಹದಿನೈದು ದಿನಕ್ಕೊಂದು ಗುರುವಾರ. ಮರದ ಚಪ್ಪಟೆ ಕಡ್ಡಿಯೊಂದರಿಂದ ಗರ್ಭಕೋಶದ ಬಾಯನ್ನು ಮೆಲ್ಲಗೆ ಸವರಿ, ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಬಳಿದು, ತಕ್ಷಣ ಸ್ಪಿರಿಟ್ಟಿನಲ್ಲಿ ಅದ್ದುವುದು. ಆಮೇಲೆ ಆ ಸ್ಲೈಡುಗಳನ್ನು ಪೇಟೆಯ ಲ್ಯಾಬಿಗೆ ಒಯ್ದರೆ ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಿದ್ದರು. ಸ್ಲೈಡು ಒಯ್ಯುವ ಮರದ ಪೆಟ್ಟಿಗೆಯಲ್ಲಿ ಹನ್ನೆರಡು ಸೀಳು. ಅಂದರೆ ಒಂದು ಗುರುವಾರಕ್ಕೆ ಹನ್ನೆರಡು ಹೆಂಗಸರು ಬೇಕು. ತರುವವಳು ನಾನು.

"ಕ್ಯಾನ್ಸರ್ ಒಂದೇ ದಿನಕ್ಕೆ ಬಂದು ಕೂರಲ್ಲ ಕಣ್ರೀ," ಎಂದು ಡಾಕ್ಟರು ನನಗೆ ಪಾಠ ಮಾಡಿದ್ದರು. "ಅದಕ್ಕೆ ಎಷ್ಟೋ ವರ್ಷ ಮುಂಚೆಯಿಂದಾನೇ ಆ ಜಾಗದ ಸೆಲ್ಸ್ ಚೇಂಜ್ ಆಗ್ತಾ ಬರುತ್ತೆ. ನೋವಿಲ್ಲ, ರಕ್ತ ಇಲ್ಲ, ಅವರಿಗೆ ಗೊತ್ತೇ ಆಗಲ್ಲ. ಆಗ ಹಿಡಿದ್ರೆ ಸಣ್ಣ ಕೆಲಸ, ಆಮೇಲೆ ಹಿಡಿದ್ರೆ ದೊಡ್ಡ ಗೋಳು. ಒಂದು ಮಾತು ಮಾತ್ರ ಮರೀದೆ ಹೇಳಿ. ಎರಡು ದಿನ ಮುಂಚೆಯಿಂದ ಒಳಗೆಲ್ಲ ತೊಳ್ಕೋಬಾರ್ದು, ಏನೂ ಹಚ್ಕೋಬಾರ್ದು."

ಮರೆಯಲಿಲ್ಲ. ಜಗಲಿಯ ಮೇಲೆ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಓನರ್ ಅಮ್ಮನ ಯಜಮಾನರು ತೋಟದಿಂದ ಬಂದು, ಔಷಧಿ ಹೊಡೆಯುವ ಪಂಪನ್ನು ಜಗಲಿಯ ಆ ತುದಿಗಿಟ್ಟು ರಿಪೇರಿಗೆ ಕೂತರು. ಸಾಧು ಮನುಷ್ಯ, ತಲೆ ಕೂಡ ಎತ್ತಲಿಲ್ಲ. ಆದರೂ ಅವರೆದುರು ತೊಳೆದುಕೊಳ್ಳುವ ಮಾತು ಆಡುವುದು ಹೇಗೆ? ಮಾತು ನುಂಗಿಕೊಂಡೆ. "ಗುರುವಾರ ಎಲ್ಲಾರೂ ಬರ್ರಿ, ಸ್ವಚ್ಛಾಗಿ ಬರ್ರಿ" ಎಂದು ಮುಗಿಸಿಬಿಟ್ಟೆ.

ಆಗ ಓನರ್ ಅಮ್ಮ ಕೇಳಿದರು. "ನೀನ್ ಮಾಡಿಸ್ಕೊಂಡಿದ್ದೀಯೇನವ್ವ?"

"ಹೂಂನ್ರಿ. ಏನೂ ನೋವಾಗೂದಿಲ್ಲ."

ಅಪ್ಪಟ ಸುಳ್ಳು. ಮೊದಲ ಗುರುವಾರವೇ ಡಾಕ್ಟರು ನನ್ನನ್ನೂ ಕರೆದಿದ್ದರು. "ಇವತ್ತು ಬ್ಯಾಡ್ರಿ, ಮುಂದಿನ ಸಲ" ಎಂದಿದ್ದೆ. ಮುಂದಿನ ಸಲ ತಲೆನೋವು, ಅದರ ಮುಂದಿನ ಸಲ ಹಬ್ಬ. ಕಾರಣ ನಾಚಿಕೆಯಲ್ಲ. ನಮ್ಮ ದೊಡ್ಡವ್ವ ಇದೇ ಕಾಯಿಲೆಯಿಂದ ಹೋಗಿದ್ದಳು. ನಾನು ಆಗ ಶಾಲೆಯ ಹುಡುಗಿ. ಕೊನೆಯ ತಿಂಗಳುಗಳಲ್ಲಿ ಅವಳ ಕೋಣೆಯ ಬಾಗಿಲಿಗೆ ಹೋದರೆ ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಈ ಕೆಲಸಕ್ಕೆ ನಾನು ಸೇರಿದ್ದು ಆ ಬಾಗಿಲಿನ ನೆನಪಿನಿಂದ. ಪರೀಕ್ಷೆ ತಪ್ಪಿಸಿಕೊಳ್ಳುತ್ತಿದ್ದುದೂ ಅದರಿಂದಲೇ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ನನಗೆ ಲ್ಯಾಬಿನಿಂದ ಬರುವ ನನ್ನ ಚೀಟಿಯಲ್ಲಿ ಏನು ಬರೆದಿರುತ್ತದೋ ಎಂಬ ಭಯವಿತ್ತು.

ಓನರ್ ಅಮ್ಮ ನನ್ನ "ಹೂಂನ್ರಿ"ಯನ್ನು ಪೂರ್ತಿ ನಂಬಿದರು. ಎದ್ದು ಸೆರಗು ಕೊಡವಿ ಅಪ್ಪಣೆ ಕೊಡಿಸಿದರು. "ಈ ಮಗಾ ಮಾಡಿಸ್ಕೊಂಡೈತೆ, ನಿಮಗೇನ್ ರೋಗ? ಗುರ್‌ವಾರ ಟ್ರ್ಯಾಕ್ಟರ್ ಕಟ್ಟಿಸ್ತೀನಿ. ಯಾವಳಾದ್ರೂ ಬರ್‌ದೆ ಓದ್ರೆ ಅವಳ ಮನೆ ಮುಂದೆ ಬಂದು ಕೂಗ್ತೀನಿ."

ಗುರುವಾರ ಬೆಳಿಗ್ಗೆ ದವಾಖಾನೆಯ ಮುಂದೆ ಟ್ರ್ಯಾಕ್ಟರು ನಿಂತಾಗ ನಾನೇ ಬೆರಗಾದೆ. ಹಿಂದಿನ ಟ್ರೈಲರಿನಲ್ಲಿ ಓನರ್ ಅಮ್ಮನೂ ಸೇರಿ ಹನ್ನೊಂದು ಜನ. ಎಲ್ಲರೂ ಮದುವೆ ಸೀರೆ ಉಟ್ಟಿದ್ದರು, ತಲೆ ತುಂಬ ಕನಕಾಂಬರ ಮುಡಿದಿದ್ದರು. ದಾರಿಯಲ್ಲಿ ಹೋಗುತ್ತಿದ್ದವರು ಯಾವ ಊರ ದಿಬ್ಬಣ ಎಂದು ಕೇಳಿದರಂತೆ. ನಾನು ಹೆಮ್ಮೆಯಿಂದ ಉಬ್ಬಿ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ.

ಮೂರನೆಯವಳು ಹೊರಗೆ ಬರುತ್ತಿದ್ದ ಹಾಗೆ ಡಾಕ್ಟರೇ ಹೊರಗೆ ಬಂದರು. ಎರಡೂ ಕೈಯನ್ನು ನನ್ನ ಮುಖದ ಮುಂದೆ ಹಿಡಿದರು. ಕೈಗವುಸು ಹಳದಿಯಾಗಿತ್ತು.

"ಏನ್ರೀ ಇದು? ಗೌರಿ ಪೂಜೇನಾ?"

ಆಮೇಲೆ ಗೊತ್ತಾಯಿತು. ಡಾಕ್ಟರಮ್ಮ ನೋಡುತ್ತಾರೆ ಎಂದರೆ ಗಲೀಜಾಗಿ ಹೋಗುವುದೇ ಎಂದು ಓನರ್ ಅಮ್ಮ ಹಿಂದಿನ ದಿನವೇ ಹನ್ನೊಂದು ಮನೆಯಲ್ಲೂ ಹಂಡೆ ಕಾಯಿಸಿದ್ದರು. ಎಣ್ಣೆ ನೀರು, ಸೀಗೇಕಾಯಿ, ಅದರ ಮೇಲೆ ಅರಿಶಿನ. ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ಸಲ, ಒಳಗೂ ಹೊರಗೂ. ನಾನು ಸ್ವಚ್ಛಾಗಿ ಬನ್ನಿ ಎಂದಿದ್ದೆ. ಆ ಊರಿನಲ್ಲಿ ಶುಭಕಾರ್ಯಕ್ಕೆ ಹೊರಟ ಹೆಂಗಸು ಅರಿಶಿನವಿಲ್ಲದೆ ಸ್ವಚ್ಛವಾಗುವುದು ಹೇಗೆ?

"ಎಲ್ಲ ತೊಳೆದು ಹೋಗಿದೆ," ಎಂದರು ಡಾಕ್ಟರು. "ಇದ್ರಲ್ಲಿ ಸ್ಲೈಡ್ ಮಾಡಿದ್ರೆ ಲ್ಯಾಬಿನವರು ಚಿತ್ರಾನ್ನ ಅಂತ ರಿಪೋರ್ಟ್ ಕೊಡ್ತಾರೆ. ಎಲ್ಲರನ್ನೂ ವಾಪಸ್ ಕರ್ಕೊಂಡು ಹೋಗಿ. ಹದಿನೈದು ದಿನ ಬಿಟ್ಟು ಬನ್ನಿ. ನಾನು ಹೇಳಿದ್ದು ಹೇಳಿದ್ರಾ, ಇಲ್ವಾ?"

ನಾನು ಹೆಂಗಸರನ್ನು ಎಬ್ಬಿಸಿ ಟ್ರೈಲರಿಗೆ ಹತ್ತಿಸಿದೆ. ಟ್ರ್ಯಾಕ್ಟರು ಕನಕಾಂಬರದ ಸಮೇತ ಊರಿಗೆ ತಿರುಗಿತು. ಓನರ್ ಅಮ್ಮ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಅವರ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹತ್ತು ಹೆಂಗಸರನ್ನು ಹೊರಡಿಸಿ ಅವಮಾನ ಮಾಡಿಸಿದೆನಲ್ಲ ಎಂದು ಅವರಿಗೆ ಸಂಕಟ. ಆ ಸಂಜೆ ಸಾರಿನ ಬಟ್ಟಲು ಬರಲಿಲ್ಲ. ಮರುದಿನವೂ ಬರಲಿಲ್ಲ. "ಏನ ಮಾಡಿಟ್ಟೀ?" ಎಂದು ನಮ್ಮ ಮನೆಯವರು ಬರಿಯ ರೊಟ್ಟಿ ಮುರಿಯುತ್ತ ಕೇಳಿದರು.

ಮೂರನೆಯ ದಿನ ತಡೆಯಲಾರದೆ ಅವರ ಹಿತ್ತಲಿಗೆ ಹೋಗಿ ನಿಜ ಹೇಳಿದೆ. ಡಾಕ್ಟರು ಹೇಳಿದ್ದರು, ಯಜಮಾನರು ಕೂತಿದ್ದರು, ನಾನು ಆ ಮಾತು ನುಂಗಿದೆ, ತಪ್ಪೆಲ್ಲ ನನ್ನದು ಎಂದೆ. ಅವರು ಪಾತ್ರೆ ಉಜ್ಜುವುದು ನಿಲ್ಲಿಸಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೂದಿ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದರು.

"ಯಜಮಾನ್ರು ಇದ್ರು ಅಂತ ಬಿಟ್ಯಾ? ಅಯ್ಯೋ ಪೆದ್ದಿ! ನಮಗೆ ಐದ್ ಮಕ್ಳು ಎಂಗಾದ್ವು ಅನ್ಕೊಂಡಿದ್ದೀಯ, ಅಂಚೇಲಿ ಬಂದ್ವಾ?"

ನಾನು ಹೇಳಲು ನಾಚಿದ್ದನ್ನು ಅವರು ಪರೀಕ್ಷೆಯ ಗುರುವಾರಕ್ಕೆ ಎರಡು ದಿನ ಮುಂಚೆ, ಮಂಗಳವಾರ ಬೆಳಿಗ್ಗೆ, ನೀರಿನ ಕೊಳಾಯಿಯ ಹತ್ತಿರ ನಿಂತು ಸಾರಿದರು. ಬಿಂದಿಗೆ ಸಾಲು, ಸೈಕಲ್ ತಳ್ಳಿಕೊಂಡು ಹೊರಟ ಗಂಡಸರು, ಹಾಲಿನವನು, ಎಲ್ಲರೂ ಇದ್ದರು. "ನಾಡಿದ್ದು ಗುರ್‌ವಾರ! ಇವತ್ತಿಂದ ಯಾವಳೂ ಒಳಗೆ ತೊಳ್ಕೋಬ್ಯಾಡ್ರೀ! ಅರಿಸ್ನ ಮುಖಕ್ಕ್ ಮಾತ್ರ!" ಗಂಡಸರು ತಲೆ ತಗ್ಗಿಸಿ ಸೈಕಲ್ ಹತ್ತಿ ಮಾಯವಾದರು. ಎಷ್ಟೋ ದಿನ ಆ ಊರಿನ ಮಕ್ಕಳು ಅರ್ಥ ಗೊತ್ತಿಲ್ಲದೆ "ಅರಿಸ್ನ ಮುಖಕ್ಕ್ ಮಾತ್ರ" ಎಂದು ಕೂಗುತ್ತ ಕುಂಟೆಬಿಲ್ಲೆ ಆಡುತ್ತಿದ್ದರು.

ಆ ಗುರುವಾರ ಹನ್ನೊಂದು ಸ್ಲೈಡೂ ಆದವು. ಸಂಜೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬಾಳದ ಮೇಲೆ ಹಾದು ಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತೆ. ಕೆರೆ ದಾಟುವಾಗ ಬಸ್ಸು ಕುಲುಕಿತು. ಏನಾದರೂ ಒಡೆಯಿತೋ ಎಂದು ಮುಚ್ಚಳ ತೆಗೆದು ನೋಡಿದೆ. ಹನ್ನೊಂದು ಗಾಜು ಸಾಲಾಗಿ ನಿಂತಿದ್ದವು, ಕೊನೆಯ ಸೀಳು ಖಾಲಿ ಇತ್ತು. ಅದನ್ನು ನೋಡಲಾರದೆ ಮುಚ್ಚಳ ಹಾಕಿದೆ.

ಹತ್ತು ಚೀಟಿಗಳಲ್ಲಿ ತೊಂದರೆಯಿಲ್ಲ ಎಂದು ಬಂತು. ಒಂದರಲ್ಲಿ ಬದಲಾವಣೆ ಇದೆ ಎಂದಿತ್ತು. ಅದು ಓನರ್ ಅಮ್ಮನದು.

ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಚೂರು ತೆಗೆದು ಇನ್ನೊಮ್ಮೆ ನೋಡಿದರು. ಅದೇ ಉತ್ತರ. ನಮ್ಮ ಡಾಕ್ಟರು ಅವರನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಇದು ಕ್ಯಾನ್ಸರ್ ಅಲ್ಲಮ್ಮ. ಹಾಗೇ ಬಿಟ್ರೆ ಮುಂದೆ ಆಗಬಹುದು. ಎಲ್ಲರಿಗೂ ಆಗಲ್ಲ. ಆದ್ರೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅಂತ ನನಗೂ ಹೇಳೋಕಾಗಲ್ಲ. ಅಷ್ಟು ಜಾಗ ಮಾತ್ರ ಕೊಯ್ದು ತೆಗೆದ್ರೆ ಮುಗೀತು."

ಓನರ್ ಅಮ್ಮ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು. "ನಾನೇನ್ ತಪ್ಪ್ ಮಾಡಿದ್ನಮ್ಮ? ಒಬ್ರ ಜೊತೇಲೇ ಬಾಳ್ವೆ ಮಾಡ್ದೋಳು."

"ತಪ್ಪಿನ ಮಾತೇ ಇಲ್ಲ," ಎಂದರು ಡಾಕ್ಟರು. "ಈಗೀಗ ಓದ್ತಾ ಇದೀನಿ, ನರಹುಲಿ ಬರಿಸೋ ಜಾತಿಯ ಒಂದು ವೈರಸ್ ಇದಕ್ಕೆ ಕಾರಣ ಇರಬಹುದು ಅಂತ ಹೊರಗಿನ ದೇಶದವರು ಹೇಳ್ತಿದಾರೆ. ಇನ್ನೂ ಹುಡುಕ್ತಿದಾರೆ. ಅದು ನಿಜ ಆದ್ರೂ ಸಂಸಾರ ಮಾಡಿದ ಯಾರಿಗೆ ಬೇಕಾದ್ರೂ ಬರಬಹುದು. ಗಂಡನಿಂದ ಹೆಂಡತಿಗೆ, ಅವರಿಗೂ ಗೊತ್ತಿಲ್ಲದೆ."

"ನರಹುಲಿನಾ? ಅಂಗಾದ್ರೆ ದೇವಸ್ತಾನದ್ ಕಲ್ಯಾಣಿಗೆ ಉಪ್ಪು ಬೆಲ್ಲ ಆಕಿದ್ರೆ ಓಗಾಕಿಲ್ವಾ?" ಎಂದು ಅವರು ಕೇಳಿದರು. ಡಾಕ್ಟರು ಇಲ್ಲವೆಂದು ತಲೆಯಾಡಿಸಿದಾಗ ಒಂದು ಕ್ಷಣ ಯೋಚಿಸಿ, "ಓಗ್ಲಿ, ಯಜಮಾನ್ರದೂ ಪಾಲೈತೆ ಅಂದಂಗಾಯ್ತು" ಎಂದು ನಕ್ಕರು. ಆ ನಗುವಿನಲ್ಲಿ ಅವರು ಒಪ್ಪಿಕೊಂಡರು ಎಂದೇ ನಾನು ತಿಳಿದೆ.

ಒಪ್ಪಿರಲಿಲ್ಲ. ಆಸ್ಪತ್ರೆಗೆ ಯಾವಾಗ ಎಂದು ಕೇಳಿದರೆ ಮೊದಲು ತೋಟಕ್ಕೆ ಔಷಧಿ ಹೊಡೆಸಬೇಕು ಎಂದರು. ಆಮೇಲೆ ಸೊಸೆಯ ತವರಿನಲ್ಲಿ ನಾಮಕರಣ ಬಂತು. ಆಮೇಲೆ ಹಸು ಕರು ಹಾಕುವುದಿತ್ತು. ನೆಪಗಳಲ್ಲಿ ನಾನು ಪಳಗಿದವಳು, ಬೇರೆಯವರ ನೆಪ ನನಗೆ ಒಂದು ಹರದಾರಿ ದೂರದಿಂದಲೇ ಗೊತ್ತಾಗುತ್ತದೆ. ಎರಡು ತಿಂಗಳು ಕಳೆಯಿತು. ಸಾರಿನ ಬಟ್ಟಲು ತಪ್ಪದೆ ಬರುತ್ತಿತ್ತು. ಅದನ್ನು ಕೈಗೆ ತೆಗೆದುಕೊಂಡಾಗಲೆಲ್ಲ ನನಗೆ ದೊಡ್ಡವ್ವನ ಕೋಣೆಯ ಬಾಗಿಲು ಕಾಣುತ್ತಿತ್ತು. ಈ ಹೆಂಗಸು ಹಾಗಾಗಬಾರದು ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡರೆ ಏನು ಬಂತು?

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಸ್ಸು ಬಿಟ್ಟು ನೇರ ತೋಟಕ್ಕೆ ಹೋದೆ. ಚಪ್ಪರದ ಕೆಳಗೆ ಓನರ್ ಅಮ್ಮ ಬಾಗಿಕೊಂಡು ನಡೆಯುತ್ತ ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದರು. ಗೊಂಚಲುಗಳು ಆಗಷ್ಟೇ ಬಣ್ಣ ತಿರುಗುತ್ತಿದ್ದವು.

"ಬಂದ್ಯಾ? ಬೈಯಾಕೇ ಬಂದಿರ್ತೀಯ," ಎಂದರು ತಿರುಗದೆ. "ನಂಗೆ ನೋವಿಲ್ಲ, ರಕ್ತ ಇಲ್ಲ. ದಿನಾ ಮುದ್ದೆ ಉಣ್ತೀನಿ, ಕೆಲಸ ಮಾಡ್ತೀನಿ. ಸೆನ್ನಾಗಿರಾದ್ನ ಯಾಕ್ ಕುಯ್ಯಿಸ್ಕೋಬೇಕು?"

ನಾನು ತಲೆಯ ಮೇಲಿನ ಗೊಂಚಲು ನೋಡಿ ಕೇಳಿದೆ. "ಹಣ್ಣು ಛಲೋ ಅದಾವಲ್ರಿ ಅಮ್ಮಾರ. ಮತ್ಯಾಕ ಎಲಿ ನೋಡಾಕತ್ತೀರಿ?"

"ಅಣ್ಣು ಕೆಟ್ಟ ಮ್ಯಾಲೆ ನೋಡಿ ಏನ್ ಮಾಡ್ತೀಯ? ಬೂಜು ಮೊದ್ಲು ಎಲೆ ಅಡೀಲಿ ಬರ್ತದೆ, ಸಣ್ಣಗೆ, ಬೆಳ್ಳಗೆ. ಮ್ಯಾಲಿಂದ ನೋಡಿದ್ರೆ ಏನೂ ಕಾಣಾಕಿಲ್ಲ. ಆಗ್ಲೇ ಆ ಎಲೆ ಕಿತ್ ಬಿಸಾಕ್ಬೇಕು. ಇಲ್ದಿದ್ರೆ ಗೊಂಚಲ್ಗೆ..."

ಅಲ್ಲಿಗೆ ನಿಲ್ಲಿಸಿದರು. ಕೈಯಲ್ಲಿ ಮಗುಚಿದ ಎಲೆ ಹಾಗೇ ಇತ್ತು. ಎಲೆ ಬಿಟ್ಟು, ನಡು ನೆಟ್ಟಗೆ ಮಾಡಿ, ಚಪ್ಪರದ ಕಂಬಕ್ಕೆ ಒರಗಿದರು.

"ನನ್ ಬಾಯಿಂದ್ಲೇ ಏಳುಸ್ಬಿಟ್ಯಲ್ಲೇ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು. "ಭಯ ಆಯ್ತದೆ ಕಣವ್ವ. ಆ ಮೇಜಿನ್ ಮ್ಯಾಲೆ ಮಲಗಾದು ಅಂದ್ರೆ ಭಯ. ನಿಂದ್ ಚೀಟಿ ಬಂದಾಗ ನಿಂಗೂ ಎದೆ ಒಡ್ಕೊಂತಾ? ನಿಂದೇನ್ ಬಂದಿತ್ತು?"

ಮತ್ತೊಂದು ಸುಳ್ಳು ಹೇಳುವುದು ಸುಲಭವಿತ್ತು. ತೊಂದರೆ ಇಲ್ಲ ಅಂತ ಬಂದಿತ್ತು, ನಾಲ್ಕೇ ಮಾತು. ಆದರೆ ಆ ಹೆಂಗಸು ಅಷ್ಟು ಜನರೆದುರು ನನ್ನನ್ನು ನಂಬಿ ಟ್ರ್ಯಾಕ್ಟರು ಹೊರಡಿಸಿದ್ದರು. ಈಗ ಊರಿನಲ್ಲಿ ಯಾರಿಗೂ ತೋರಿಸದ ಭಯವನ್ನು ನನ್ನ ಮುಂದೆ ಬಿಚ್ಚಿಟ್ಟಿದ್ದರು.

"ನಾ ಮಾಡಿಸ್ಕೊಂಡಿಲ್ರಿ ಅಮ್ಮಾರ. ಅವತ್ತು ಸುಳ್ಳ ಹೇಳಿದ್ನಿ." ದೊಡ್ಡವ್ವನ ಕತೆಯನ್ನೂ ಹೇಳಿದೆ. ಹೇಳುವಷ್ಟರಲ್ಲಿ ಅತ್ತುಬಿಟ್ಟಿದ್ದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಬೈಗುಳಕ್ಕೆ ಕಾದೆ. ಬಂತು ಕೂಡ.

"ಏಳಾದು ಪುರಾಣ, ತಿನ್ನಾದು ಬದ್ನೆಕಾಯಿ! ಕಳ್ಳಿ! ಅನ್ನೊಂದ್ ಜನದ್ ಸೀರೆ ಬಿಚ್ಚಿಸಿ ನೀನ್ ಬಾಗ್ಲಲ್ಲಿ ನಿಂತಿದ್ಯಾ?" ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದರು. ಸೆರಗಿಗೆ ಅಂಟಿದ್ದ ತೋಟದ ಔಷಧಿ ಮೈಲುತುತ್ತ ಕಣ್ಣಿಗೆ ತಾಗಿ ಉರಿಯಿತು. "ನೋಡು, ನಂಗೂ ಭಯ, ನಿಂಗೂ ಭಯ. ಇವತ್ತು ಯಾವ ವಾರ? ಗುರ್‌ವಾರ ತಾನೇ? ನಡಿ, ಮೊದ್ಲು ನಿಂದು. ನೀನ್ ಆ ಮೇಜಿನ್ ಮ್ಯಾಲೆ ಮಲಗಿದ್ರೆ ನಾನೂ ಆಸ್ಪತ್ರೆಗ್ ಓಯ್ತೀನಿ. ಇಲ್ದಿದ್ರೆ ಇಲ್ಲ."

ಕೆಲಸದ ಸೀರೆಯಲ್ಲೇ, ಮಣ್ಣು ಕಾಲಿನಲ್ಲೇ ಅವರು ನನ್ನ ಜೊತೆ ಬಸ್ಸು ಹತ್ತಿದರು. ದವಾಖಾನೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನು ನೋಡಿ, "ಏನ್ರೀ, ಯಾರಿಗೆ ಯಾರು ಪೇಷೆಂಟು?" ಎಂದರು. "ಇವ್ಳೇ ಕಣಮ್ಮ," ಎಂದು ಓನರ್ ಅಮ್ಮ ನನ್ನ ಹೆಗಲು ಒತ್ತಿ ಒಳಗೆ ನೂಕಿದರು. ಪರದೆಯ ಆಚೆ ನಿಲ್ಲಿ ಎಂದರೆ ಕೇಳಲಿಲ್ಲ. ಮೇಜಿನ ತಲೆಯ ಹತ್ತಿರ ನಿಂತು ನನ್ನ ಕೈ ಹಿಡಿದುಕೊಂಡರು. ಆ ಅಂಗೈ ಗಟ್ಟಿಯಾಗಿತ್ತು, ಒರಟಾಗಿತ್ತು, ಬೆಚ್ಚಗಿತ್ತು. ಕಬ್ಬಿಣದ ತಣ್ಣನೆಯ ಸಾಮಾನು ತಾಗಿದಾಗ ನಾನು ಉಸಿರು ಹಿಡಿದೆ.

"ಸಡ್ಲ ಬಿಡು, ಸಡ್ಲ ಬಿಡು. ನೀನೇ ಎಲ್ರಿಗೂ ಏಳ್ತಿದ್ದೆ. ನೋವಾಯ್ತದಾ?"

"ಇಲ್ರಿ."

"ಅಬ್ಬಾ, ಒಂದ್ ನಿಜ ಏಳಿದ್ಯಲ್ಲ."

ಡಾಕ್ಟರು ನಗು ತಡೆಯಲಾರದೆ ಕಡ್ಡಿ ಹಿಡಿದ ಕೈಯನ್ನು ಒಂದು ಕ್ಷಣ ಮೇಲೆತ್ತಿ ನಿಂತರು. ನಾಲ್ಕು ನಿಮಿಷದ ಕೆಲಸ. ಅದಕ್ಕೆ ನಾನು ಇಷ್ಟು ತಿಂಗಳು ಹೆದರಿದ್ದೆ. ಆ ಸಂಜೆ ಸಾರಿನ ಬಟ್ಟಲಿನ ಬದಲು ದೊಡ್ಡ ಪಾತ್ರೆ ತುಂಬ ಬದನೆಕಾಯಿ ಎಣ್ಣೆಗಾಯಿ ಬಂತು. ನಮ್ಮ ಮನೆಯವರಿಗೆ ಅದರ ಮರ್ಮ ತಿಳಿಯಲಿಲ್ಲ, ಮೂರು ಸಲ ಬಡಿಸಿಕೊಂಡರು.

ಓನರ್ ಅಮ್ಮ ಮಾತಿಗೆ ತಪ್ಪುವವರಲ್ಲ. ಮುಂದಿನ ವಾರ ಆಸ್ಪತ್ರೆಗೆ ಸೇರಿದರು. ಸೌತೆಕಾಯಿಯ ತೊಟ್ಟು ಕೊಯ್ದ ಹಾಗೆ ಆ ಜಾಗವನ್ನಷ್ಟೇ ತೆಗೆದರು. ಯಜಮಾನರು ದಿನವೂ ಬಂದು, ಒಂದು ಮಾತೂ ಆಡದೆ, ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ತೊಳೆಯ ಮೇಲಿನ ಬಿಳಿ ನಾರನ್ನೂ ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದರು. "ಪಾಲು ತೀರುಸ್ತಾವ್ರೆ" ಎಂದು ಓನರ್ ಅಮ್ಮ ನನ್ನ ಕಡೆ ಕಣ್ಣು ಮಿಟುಕಿಸಿದರು. ಯಜಮಾನರಿಗೆ ಕೇಳಿಸಿತ್ತು. ತಲೆ ತಗ್ಗಿಸಿಕೊಂಡೇ ನಕ್ಕರು.

ನನ್ನ ಚೀಟಿ ಮೊದಲು ಬಂತು. ತೊಂದರೆ ಇರಲಿಲ್ಲ. ಹತ್ತು ದಿನದ ಮೇಲೆ ಅವರ ತುಂಡಿನ ವರದಿ ಬಂತು. ಕೆಟ್ಟದ್ದೆಲ್ಲ ತುಂಡಿನ ಒಳಗೇ ಇದೆ, ಅಂಚು ಪೂರ್ತಿ ಚೆನ್ನಾಗಿದೆ, ಕ್ಯಾನ್ಸರ್ ಎಲ್ಲೂ ಇಲ್ಲ. ಓದಲು ಬಾರದ ಅವರು ಆ ಎರಡೂ ಕಾಗದಗಳನ್ನು ಒಟ್ಟಿಗೆ ಮಡಿಸಿ ದೇವರ ಗೂಡಿನಲ್ಲಿ ಇಟ್ಟರು. ನನ್ನದು ನನಗೆ ವಾಪಸು ಕೊಡಲೇ ಇಲ್ಲ. ಅಂದು ಬಸ್ಸಿನಿಂದಿಳಿದು ಮನೆಯವರೆಗೂ ನಾನು ಹೆಚ್ಚುಕಡಿಮೆ ಕುಣಿದುಕೊಂಡೇ ಬಂದಿದ್ದೆ.

ಎರಡು ವರ್ಷದ ಮೇಲೆ ನಮ್ಮ ಮನೆಯವರು ಹಳೆಯ ಜಗಳದಲ್ಲಿ ಕೊನೆಗೂ ಗೆದ್ದರು. ಮನೆ ಬಾಗಲಗುಂಟೆಯ ಕಡೆಗೆ ಹೋಯಿತು. ಎರಡು ಬಸ್ಸು ಬದಲಾಯಿಸುವ ಸರದಿ ನನ್ನದಾಯಿತು. ಹೊರಡುವ ದಿನ ಓನರ್ ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು, ಒಂದು ಗೊಂಚಲು ದ್ರಾಕ್ಷಿ. ಅದರ ಮೇಲೆ, ಯಾವ ಶಾಸ್ತ್ರದಲ್ಲೂ ಇಲ್ಲದ ಒಂದು ಬದನೆಕಾಯಿ.

"ಅರಿಸ್ನ ಮುಖಕ್ಕ್ ಮಾತ್ರ," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು. "ವರ್ಸಾ ವರ್ಸಾ ಮಾಡಿಸ್ಕೋ. ನಾನಿಲ್ಲ ಅಂತ ತಪ್ಪುಸ್ಕೋಬ್ಯಾಡ. ನಿನ್ನ ನೆಪ ಎಲ್ಲ ನಂಗ್ ಗೊತ್ತು."

ಮುಂದಿನ ವರ್ಷ ಡಾಕ್ಟರು ನನ್ನ ದಿನ ನಿಗದಿ ಮಾಡಿದರು. ಆ ಗುರುವಾರ ಬೆಳಿಗ್ಗೆ ಎದ್ದಾಗ ಸ್ವಲ್ಪ ತಲೆನೋವು ಇತ್ತು, ನಿಜವಾಗಿಯೂ ಇತ್ತು. ಮುಂದಿನ ಸಲ ಮಾಡಿಸಿಕೊಂಡರಾಯಿತು ಎಂದು ದಾರಿಯುದ್ದಕ್ಕೂ ಡಾಕ್ಟರಿಗೆ ಹೇಳುವ ಮಾತನ್ನು ಜೋಡಿಸಿಕೊಳ್ಳುತ್ತಲೇ ಯಲಹಂಕದಲ್ಲಿ ಇಳಿದೆ. ದವಾಖಾನೆಯ ಬಾಗಿಲು ಇನ್ನೂ ಪೂರ್ತಿ ತೆಗೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಓನರ್ ಅಮ್ಮ ಕೂತಿದ್ದರು, ಪಕ್ಕದಲ್ಲಿ ಒಂದು ಕೈಚೀಲ ಬದನೆಕಾಯಿ. ನನ್ನ ದಿನ ಅವರಿಗೆ ಯಾರು ಹೇಳಿದರೋ, ಡಾಕ್ಟರೇ ಇರಬೇಕು.

ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ಗೊತ್ತಾಯಿತು. ಎದ್ದು ಸೆರಗು ಸಿಕ್ಕಿಸಿ, ಆ ಒರಟು ಕೈಯನ್ನು ಮುಂದೆ ಚಾಚಿದರು.

"ನಡಿ ಒಳಗೆ. ಇವತ್ತು ಇಬ್ರುದೂ."